ಪೆನ್ ಡ್ರೈವ್ ತೆರೆಯುತ್ತಿಲ್ಲ, ರಿಜಿಸ್ಟ್ರಿ ತಿದ್ದಿ ಎನ್ನುತ್ತಿದ್ದಾರೆ. ಕೈ ಹಾಕಬಹುದೇ?

ಡಿಟಿಪಿ ತಿಪಟೂರು

ತಿಪಟೂರಿನಲ್ಲಿ ಸಣ್ಣದೊಂದು ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಕಾಲೇಜು ಮಕ್ಕಳ ಪ್ರಾಜೆಕ್ಟ್ ವರದಿ, ಇಷ್ಟೇ ನನ್ನ ವ್ಯಾಪಾರ. ಕಳೆದ ವರ್ಷ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಂದೆವು. ಯಾವುದೋ ಕಂಪನಿಯವರು ಬಳಸಿ ಮಾರಿದ್ದಂತೆ. ವಿಂಡೋಸ್ 10 ಪ್ರೊ ಇದೆ.

ಇದರಲ್ಲಿ ಪೆನ್ ಡ್ರೈವ್ ತೆರೆಯುವುದೇ ಇಲ್ಲ. ಇಷ್ಟು ದಿನ ಆ ಕೆಲಸಕ್ಕೆ ಮೂಲೆಯಲ್ಲಿದ್ದ ಹಳೆಯ ಯಂತ್ರ ಸಾಕಾಗುತ್ತಿತ್ತು. ಈಗ ಅದರ ಮದರ್‌ಬೋರ್ಡ್ ಹೋಗಿದೆ. ಬಂದವರಿಗೆಲ್ಲ ವಾಟ್ಸಾಪ್‌ನಲ್ಲಿ ಕಳುಹಿಸಿ ಎನ್ನುತ್ತಿದ್ದೇನೆ. ಫ್ಲೆಕ್ಸ್‌ನ ದೊಡ್ಡ ಫೈಲ್ ತಂದವರು ಮುಖ ನೋಡಿ ಪಕ್ಕದ ಅಂಗಡಿಗೆ ಹೋಗುತ್ತಾರೆ.

ಪರಿಚಯದ ಹುಡುಗನೊಬ್ಬ, ವಿಂಡೋಸ್‌ನ ಸೆಟ್ಟಿಂಗ್‌ಗಳೆಲ್ಲ ಇರುವ ರಿಜಿಸ್ಟ್ರಿಯನ್ನು ತಿದ್ದುವ ಒಂದು ರೆಜ್ ಫೈಲ್ ಕಳುಹಿಸಿ, "ಡಬಲ್ ಕ್ಲಿಕ್ ಮಾಡಿ, ಎಸ್ ಒತ್ತಿ ಅಕ್ಕಾ, ಸರಿಹೋಗುತ್ತದೆ" ಎಂದಿದ್ದಾನೆ. ಮಾಡಲು ಹೋದರೆ ಹಳದಿ ಗುರುತಿನ ಎಚ್ಚರಿಕೆ ಬಂತು. ನೋ ಒತ್ತಿ ಹೊರಬಂದೆ. ಪುಟ ಜೋಡಿಸುವ ಪೇಜ್‌ಮೇಕರ್ 7, ಕನ್ನಡ ಟೈಪಿಂಗ್‌ನ ನುಡಿ ಎಲ್ಲವನ್ನೂ ಹಾಕಿಕೊಟ್ಟವರು ಊರು ಬಿಟ್ಟಿದ್ದಾರೆ, ಸಿಡಿಯೂ ನನ್ನಲ್ಲಿಲ್ಲ. ಇದು ಕೆಟ್ಟರೆ ಮದುವೆ ಕಾಲದಲ್ಲಿ ಅಂಗಡಿ ಮುಚ್ಚಬೇಕಾಗುತ್ತದೆ. ಏನು ಮಾಡಲಿ?

ಜೆಟ್ ವೇಗ

ಎಚ್ಚರಿಕೆ ಎಲ್ಲ ರೆಜ್ ಫೈಲಿಗೂ ಬರುತ್ತದೆ. ಎಸ್ ಒತ್ತಿ. ನಾನು ಎಷ್ಟೋ ಸಲ ಮಾಡಿದ್ದೇನೆ, ಏನೂ ಆಗಿಲ್ಲ.

ತುಂಗಾತೀರ

ಎಸ್ ಒತ್ತಬೇಡಿ ಮೇಡಂ. ಎಚ್ಚರಿಕೆ ಎಲ್ಲ ಫೈಲಿಗೂ ಬರುತ್ತದೆ ಎಂಬುದು ನಿಜ. ಆದ್ದರಿಂದಲೇ ಅದನ್ನು ನೋಡಿ ಒಳ್ಳೆಯ ಫೈಲ್ ಯಾವುದು, ಕೆಟ್ಟದ್ದು ಯಾವುದು ಎಂದು ತಿಳಿಯುವುದಿಲ್ಲ. ತಿಳಿಯಬೇಕಾದರೆ ಓದಬೇಕು. ರೆಜ್ ಫೈಲ್ ಎಂದರೆ ಬರೀ ಅಕ್ಷರಗಳ ಫೈಲ್. ಮೊದಲು ನೋಟ್‌ಪ್ಯಾಡ್ ತೆರೆಯಿರಿ, ಅದರ ಓಪನ್ ಮೆನುವಿನಿಂದ ಈ ಫೈಲನ್ನು ಆರಿಸಿ. ಒಳಗೇನಿದೆ ಎಂದು ಇಲ್ಲಿ ಬರೆಯಿರಿ.

ಇನ್ನೊಂದು ಪ್ರಶ್ನೆ. "ತೆರೆಯುವುದಿಲ್ಲ" ಎಂದರೆ ಹೇಗೆ? ಪೆನ್ ಡ್ರೈವ್ ಹಾಕಿದಾಗ ಇ, ಎಫ್ ಎಂದು ಡ್ರೈವ್ ಅಕ್ಷರವೇ ಬರುವುದಿಲ್ಲವೋ? ಅಕ್ಷರ ಬಂದು, ಒತ್ತಿದಾಗ ಪ್ರವೇಶವಿಲ್ಲ ಎನ್ನುತ್ತದೋ? ಅಥವಾ ಒಳಗಿನ ಫೈಲುಗಳು ಕಂಡು, ಬರೆಯಲು ಮಾತ್ರ ಬಿಡುವುದಿಲ್ಲವೋ? ಮೂರಕ್ಕೂ ರಿಜಿಸ್ಟ್ರಿಯಲ್ಲಿ ಬೇರೆ ಬೇರೆ ಜಾಗಗಳಿವೆ. ಯಾವುದೆಂದು ಗೊತ್ತಾಗದೆ ರಿಜಿಸ್ಟ್ರಿ ತೆರೆಯುವ ಅಗತ್ಯವೇ ಇಲ್ಲ.

ಡಿಟಿಪಿ ತಿಪಟೂರು

ಎಫ್ ಎಂದು ಅಕ್ಷರ ಬರುತ್ತದೆ ಸರ್. ಒತ್ತಿದರೆ "ಆಕ್ಸೆಸ್ ಈಸ್ ಡಿನೈಡ್" ಎನ್ನುತ್ತದೆ.

ಫೈಲ್ ಓದಿದೆ. ಮೊದಲ ಸಾಲಿನಲ್ಲಿ ವಿಂಡೋಸ್ ರಿಜಿಸ್ಟ್ರಿ ಎಡಿಟರ್ ವರ್ಷನ್ 5.00 ಎಂದಿದೆ. ಆಮೇಲೆ ಯುಎಸ್‌ಬಿಸ್ಟೋರ್ ಎಂಬುದರ ಕೆಳಗೆ ಸ್ಟಾರ್ಟ್ ಎದುರು 3. ಅದರ ಕೆಳಗೆ ಚೌಕ ಆವರಣದಲ್ಲಿ ಲೋಕಲ್ ಮಷೀನ್, ಸಾಫ್ಟ್‌ವೇರ್, ಪಾಲಿಸೀಸ್ ಎಂದಿದೆ, ಆವರಣ ತೆರೆದ ಕೂಡಲೇ ಮೈನಸ್ ಗುರುತು ಇದೆ. ಕೊನೆಯಲ್ಲಿ ವಿಂಡೋಸ್ ಡಿಫೆಂಡರ್ ಕೆಳಗೆ ಡಿಸೇಬಲ್‌ಆಂಟಿಸ್ಪೈವೇರ್ ಎದುರು 1.

ತುಂಗಾತೀರ

ನೋ ಒತ್ತಿದ್ದು ಒಳ್ಳೆಯದಾಯಿತು.

ಮೊದಲ ತುಂಡು ನಿಮ್ಮ ಕಾಯಿಲೆಗೆ ಔಷಧವೇ ಅಲ್ಲ. ಯುಎಸ್‌ಬಿಸ್ಟೋರ್ ಎಂದರೆ ಪೆನ್ ಡ್ರೈವ್ ನಡೆಸುವ ಡ್ರೈವರ್. ಅದರ ಸ್ಟಾರ್ಟ್ 3 ಇದ್ದರೆ ಬೇಕಾದಾಗ ಏಳುತ್ತದೆ, 4 ಇದ್ದರೆ ಏಳುವುದೇ ಇಲ್ಲ. ಅದು 4 ಆಗಿದ್ದರೆ ನಿಮಗೆ ಎಫ್ ಅಕ್ಷರ ಕಾಣುತ್ತಲೇ ಇರಲಿಲ್ಲ. ಕಂಡಿದೆ ಎಂದ ಮೇಲೆ ಡ್ರೈವರ್ ಸರಿಯಾಗಿದೆ, ತಡೆ ಬೇರೆಡೆ ಇದೆ.

ಆ ಮೈನಸ್ ಗುರುತೇ ಅಪಾಯ. ಆವರಣದೊಳಗೆ ಮೊದಲಿಗೆ ಮೈನಸ್ ಇದ್ದರೆ, "ಈ ಕೀಯನ್ನು ಅದರ ಒಳಗಿನ ಎಲ್ಲದರ ಸಮೇತ ಅಳಿಸು" ಎಂದು ಆಜ್ಞೆ. ಕೀ ಎಂದರೆ ರಿಜಿಸ್ಟ್ರಿಯೊಳಗಿನ ಫೋಲ್ಡರ್ ಇದ್ದಂತೆ, ವ್ಯಾಲ್ಯೂ ಎಂದರೆ ಅದರೊಳಗಿನ ನಮೂದು. ಪಾಲಿಸೀಸ್ ಕೆಳಗೆ ಪೆನ್ ಡ್ರೈವ್ ತಡೆ ಇರಬಹುದು, ಹಾಗಾಗಿ ಆ ಹುಡುಗನ ಉಪಾಯ ಫಲಿಸಲೂಬಹುದು. ಆದರೆ ಅಪ್‌ಡೇಟ್, ಫೈರ್‌ವಾಲ್, ಬ್ರೌಸರ್ ಎಲ್ಲದರ ನೀತಿಗಳೂ ಅಲ್ಲಿಯೇ ಇರುತ್ತವೆ. ನೆಗಡಿಗೆ ಮೂಗು ಕೊಯ್ದ ಹಾಗೆ. ಕೊನೆಯ ಸಾಲು ವೈರಸ್ ಕಾವಲನ್ನು ಆರಿಸಲು ಹೊರಟಿದೆ. 2020ರ ನಂತರದ ಡಿಫೆಂಡರ್ ಮನೆಬಳಕೆಯ ವಿಂಡೋಸ್‌ನಲ್ಲಿ ಅದನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ, ಆ ಮಾತು ಬೇರೆ. ಪೆನ್ ಡ್ರೈವ್ ಸರಿಮಾಡುವ ಫೈಲಿಗೆ ಆ ಸಾಲಿನ ಕೆಲಸವೇನು? ಹುಡುಗನ ಮೇಲೆ ನನಗೆ ಅನುಮಾನವಿಲ್ಲ. ಎಲ್ಲಿಂದಲೋ ಇಳಿಸಿಕೊಂಡದ್ದನ್ನು ಓದದೆ ದಾಟಿಸಿದ್ದಾನೆ, ಅಷ್ಟೇ.

ಶಿವಮೊಗ್ಗ, ತೀರ್ಥಹಳ್ಳಿ ಕಡೆಯ ಶಾಲೆಗಳ ಮತ್ತು ಸಹಕಾರ ಸಂಘಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕಸುಬು. ಮುಟ್ಟುವ ಮೊದಲು ನಾನು ಕೇಳಿಕೊಳ್ಳುವುದು ಒಂದೇ: ನಾಳೆ ಬೆಳಿಗ್ಗೆ ವಿಂಡೋಸ್ ಏಳದಿದ್ದರೆ ಯಾವ ದಾರಿಯಲ್ಲಿ ಒಳಗೆ ಹೋಗಲಿ? ರಿಜಿಸ್ಟ್ರಿ ತಿದ್ದುವ ರೆಜ್‌ಎಡಿಟ್‌ನಲ್ಲಿ ಸೇವ್ ಗುಂಡಿಯೂ ಇಲ್ಲ, ಅನ್‌ಡೂ ಕೂಡ ಇಲ್ಲ. ಓಕೆ ಒತ್ತಿದ ಕ್ಷಣವೇ ಬರೆದು ಮುಗಿಯಿತು. ಒಂದು ಶಾಲೆಯಲ್ಲಿ ಮಕ್ಕಳು ಪೆನ್ ಡ್ರೈವ್ ಹಾಕದಂತೆ ಮಾಡಲು ಹೊರಟವರು ಯುಎಸ್‌ಬಿಸ್ಟೋರ್ ಬಿಟ್ಟು, ಅದೇ ಪಟ್ಟಿಯಲ್ಲಿ ಸ್ವಲ್ಪ ಕೆಳಗಿರುವ ಯುಎಸ್‌ಬಿಎಕ್ಸ್‌ಎಚ್‌ಸಿಐ ಎಂಬುದರ ಸ್ಟಾರ್ಟ್‌ಗೆ 4 ಬರೆದಿದ್ದರು. ಅದು ಯುಎಸ್‌ಬಿ ಕಂಟ್ರೋಲರಿನದೇ ಡ್ರೈವರ್. ಮರುದಿನ ಕೀಬೋರ್ಡೂ ಇಲ್ಲ, ಮೌಸೂ ಇಲ್ಲ, ಪರದೆ ಮಾತ್ರ ಪಾಸ್‌ವರ್ಡ್ ಕೇಳುತ್ತಾ ನಿಂತಿತ್ತು. ಹಿಂಬದಿಯಲ್ಲಿ ಹಳೆಯ ದುಂಡು ಪಿಎಸ್2 ಕಿಂಡಿ ಇತ್ತು, ಗುಜರಿಯಿಂದ ಒಂದು ಕೀಬೋರ್ಡ್ ತರಿಸಿ 4 ಅನ್ನು ಮತ್ತೆ 3 ಮಾಡಿದೆ. ಸರ್ವಿಸಸ್ ಕೆಳಗಿನ ಪ್ರತಿ ಡ್ರೈವರಿಗೂ ಸ್ಟಾರ್ಟ್ ಎಂಬ ಇದೇ ಹೆಸರಿನ ವ್ಯಾಲ್ಯೂ ಇರುತ್ತದೆ. ಆದ್ದರಿಂದ ಹೆಸರು ನೋಡಿ ತಿದ್ದುವುದಲ್ಲ, ಕಿಟಕಿಯ ಮೇಲಿನ ವಿಳಾಸಪಟ್ಟಿಯಲ್ಲಿ ಪೂರ್ತಿ ದಾರಿ ಓದಿಯೇ ತಿದ್ದಬೇಕು. ಆ ಪಟ್ಟಿ 2017ರ ವಿಂಡೋಸ್ 10 ಆವೃತ್ತಿಯಿಂದ ಇದೆ. ದಾರಿಯನ್ನು ಅಲ್ಲಿಯೇ ಅಂಟಿಸಿ ಎಂಟರ್ ಒತ್ತಿದರೆ ನೇರ ಅಲ್ಲಿಗೆ ಹೋಗುತ್ತದೆ, ಕೊಂಬೆಕೊಂಬೆ ಬಿಡಿಸುತ್ತಾ ಕೂರಬೇಕಾಗಿಲ್ಲ.

ಈಗ ನಿಮ್ಮ ಕೆಲಸ. ಸ್ಟಾರ್ಟ್ ಮೆನುವಿನಲ್ಲಿ ರಿಸ್ಟೋರ್ ಪಾಯಿಂಟ್ ಎಂದು ಹುಡುಕಿ. ಸಿಸ್ಟಂ ಪ್ರೊಟೆಕ್ಷನ್ ಕಿಟಕಿಯಲ್ಲಿ ಸಿ ಡ್ರೈವಿನ ಎದುರು "ಆನ್" ಇದೆಯೇ ನೋಡಿ. ಎಷ್ಟೋ ಯಂತ್ರಗಳಲ್ಲಿ ಅದು ಆಫ್ ಆಗಿಯೇ ಇರುತ್ತದೆ. ಆನ್ ಮಾಡಿ, ಕ್ರಿಯೇಟ್ ಒತ್ತಿ ಒಂದು ಪಾಯಿಂಟ್ ಮಾಡಿ. ಇದರಲ್ಲಿ ಇಡೀ ರಿಜಿಸ್ಟ್ರಿಯೂ ಸೇರುತ್ತದೆ. ವಿಂಡೋಸ್ ಏಳದಿದ್ದರೂ ನೀಲಿ ಪರದೆಯ ಟ್ರಬಲ್‌ಶೂಟ್ ಒಳಗಿನಿಂದ ಇದಕ್ಕೆ ಹಿಂದಿರುಗಬಹುದು. ನಿಮ್ಮ ಲಗ್ನಪತ್ರಿಕೆಯ ಫೈಲುಗಳನ್ನು ಅದು ಮುಟ್ಟುವುದಿಲ್ಲ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ನೀಲಿ ಪರದೆ ಅದನ್ನು ಕೇಳಬಹುದು.

ಆಮೇಲೆ ರೆಜ್‌ಎಡಿಟ್ ತೆರೆದು ಲೋಕಲ್ ಮಷೀನ್, ಸಾಫ್ಟ್‌ವೇರ್, ಪಾಲಿಸೀಸ್, ಮೈಕ್ರೋಸಾಫ್ಟ್, ವಿಂಡೋಸ್, ರಿಮೂವಬಲ್‌ಸ್ಟೋರೇಜ್‌ಡಿವೈಸಸ್ ಎಂಬಲ್ಲಿಗೆ ಹೋಗಿ. ಪೆನ್ ಡ್ರೈವ್‌ಗಳನ್ನೆಲ್ಲ ತಡೆಯುವ ಡಿನೈ_ಆಲ್ ಎಂಬುದು ಇದೆಯೇ ಎಂದು ನೋಡಿ, ಸುಮ್ಮನೆ ಬನ್ನಿ. ಇವತ್ತು ನೋಡುವುದಷ್ಟೇ.

ಸರ್ವರ್ ರೂಮ್

ತುಂಗಾತೀರ ಅವರ ಮಾತಿಗೆ ಒಂದು ಸೇರ್ಪಡೆ. ಕಚೇರಿಯಲ್ಲಿ ನಾನು ಹಾಕುವುದು ಇದೇ ತಡೆ, ಹಾಗಾಗಿ ಹೇಳುತ್ತಿದ್ದೇನೆ. ಅದನ್ನು ಗ್ರೂಪ್ ಪಾಲಿಸಿಯಿಂದ (ಕಂಪ್ಯೂಟರಿಗೆ ನಿಯಮ ಹಾಕುವ ವಿಂಡೋಸ್ ವ್ಯವಸ್ಥೆ) ಹಾಕಿದ್ದರೆ, ರಿಜಿಸ್ಟ್ರಿಯಲ್ಲಿ ಅಳಿಸಿದರೂ ನೀತಿ ಮತ್ತೆ ಅನ್ವಯವಾದಾಗ ಅದೇ ಸಾಲು ಮರಳುತ್ತದೆ. ಪ್ರೊ ಆವೃತ್ತಿಯಾದ್ದರಿಂದ ನಿಮ್ಮಲ್ಲಿ ಆ ನೀತಿಗಳನ್ನು ತಿದ್ದುವ ಜಿಪಿಎಡಿಟ್ ಇದೆ, ಹೋಮ್ ಆವೃತ್ತಿಯವರಿಗೆ ಇರುವುದಿಲ್ಲ. ಅದರಲ್ಲಿ ಕಂಪ್ಯೂಟರ್ ಕಾನ್ಫಿಗರೇಷನ್, ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ಸಿಸ್ಟಂ, ರಿಮೂವಬಲ್ ಸ್ಟೋರೇಜ್ ಆಕ್ಸೆಸ್ ತೆರೆಯಿರಿ. ಡಿನೈ ಆಲ್ ಆಕ್ಸೆಸ್ ಎಂಬುದು ಎನೇಬಲ್ಡ್ ಇದ್ದರೆ ಅಲ್ಲಿಯೇ ನಾಟ್ ಕಾನ್ಫಿಗರ್ಡ್ ಮಾಡಿ. ಆಗ ರಿಜಿಸ್ಟ್ರಿಗೆ ಕೈ ಹಾಕಬೇಕಾಗಿಯೇ ಇಲ್ಲ.

ಸೆಟ್ಟಿಂಗ್ಸ್, ಅಕೌಂಟ್ಸ್ ಒಳಗೆ ಆಕ್ಸೆಸ್ ವರ್ಕ್ ಆರ್ ಸ್ಕೂಲ್ ಕೂಡ ನೋಡಿ. ಹಳೆಯ ಕಂಪನಿಯ ಖಾತೆ ಇನ್ನೂ ಅಂಟಿಕೊಂಡಿದ್ದರೆ ನೀತಿಗಳು ಅಲ್ಲಿಂದ ಬರುತ್ತಿರಬಹುದು.

ಡಿಟಿಪಿ ತಿಪಟೂರು

ಎಲ್ಲ ನೋಡಿದೆ. ಸಿಸ್ಟಂ ಪ್ರೊಟೆಕ್ಷನ್ ಆಫ್ ಇತ್ತು, ಆನ್ ಮಾಡಿ ಪಾಯಿಂಟ್ ಮಾಡಿದೆ. ಬಿಟ್‌ಲಾಕರ್ ಇಲ್ಲ. ಕಂಪನಿಯ ಖಾತೆ ಯಾವುದೂ ಇಲ್ಲ. ಜಿಪಿಎಡಿಟ್‌ನಲ್ಲಿ ಎಲ್ಲವೂ ನಾಟ್ ಕಾನ್ಫಿಗರ್ಡ್. ಆದರೆ ರಿಜಿಸ್ಟ್ರಿಯಲ್ಲಿ ಡಿನೈ_ಆಲ್ ಎದುರು 1 ಇದೆ!

ಆ ಕೀಯನ್ನು ಫೈಲ್ ಮೆನುವಿನ ಎಕ್ಸ್‌ಪೋರ್ಟ್ ಮೂಲಕ ಡಾಕ್ಯುಮೆಂಟ್ಸ್‌ನಲ್ಲಿ ಇಟ್ಟುಕೊಂಡೆ. ಏನು ತಪ್ಪಾದರೂ ಈ ಫೈಲನ್ನು ಡಬಲ್ ಕ್ಲಿಕ್ ಮಾಡಿದರೆ ಮೊದಲಿನಂತೆಯೇ ಆಗುತ್ತದೆ ಅಲ್ಲವೇ? ಒಂದು ವೀಡಿಯೊದಲ್ಲಿ, ಅದೂ ಆಗದಿದ್ದರೆ ರೆಜ್‌ಬ್ಯಾಕ್ ಎಂಬ ಫೋಲ್ಡರಿನಿಂದ ಎಲ್ಲವನ್ನೂ ಕಾಪಿ ಮಾಡಿ ಎಂದರು.

ತುಂಗಾತೀರ

ಎರಡಕ್ಕೂ ಉತ್ತರ ಬೇಕು, ಏಕೆಂದರೆ ಎರಡರಲ್ಲೂ ಜನ ಜಾರುತ್ತಾರೆ.

ಎಕ್ಸ್‌ಪೋರ್ಟ್ ಫೈಲನ್ನು ಮರಳಿ ಹಾಕಿದಾಗ ಅದು ಇದ್ದದ್ದರ ಜೊತೆ ಬೆರೆಯುತ್ತದೆ, ಇದ್ದದ್ದನ್ನು ಒರೆಸಿ ಹೊಸದಾಗಿ ಬರೆಯುವುದಿಲ್ಲ. ನೀವು ಬದಲಿಸಿದ್ದು ಹಿಂದಿನ ಬೆಲೆಗೆ ಬರುತ್ತದೆ, ಅಳಿಸಿದ್ದು ಮರಳುತ್ತದೆ. ಆದರೆ ನೀವು ಹೊಸದಾಗಿ ಸೇರಿಸಿದ್ದು ಹಾಗೆಯೇ ಉಳಿಯುತ್ತದೆ, ಏಕೆಂದರೆ ಫೈಲಿನಲ್ಲಿ ಅದರ ಸುದ್ದಿಯೇ ಇಲ್ಲ. ಹೊಸ ವ್ಯಾಲ್ಯೂ ಸೇರಿಸಿ ಯಂತ್ರ ಕೆಟ್ಟಾಗ, "ಬ್ಯಾಕಪ್ ಹಾಕಿದರೂ ಸರಿಯಾಗಲಿಲ್ಲ" ಎಂದು ಫೋನ್ ಮಾಡುವವರ ಕಥೆ ಸಾಮಾನ್ಯವಾಗಿ ಇದೇ. ನೀವು ಇರುವುದನ್ನು ಬದಲಿಸುತ್ತಿದ್ದೀರಿ, ಆದ್ದರಿಂದ ಫೈಲ್ ಸಾಕು. ಸೇರಿಸುವ ಕೆಲಸವಾದರೆ ಏನೇನು ಸೇರಿಸಿದಿರಿ ಎಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.

ರೆಜ್‌ಬ್ಯಾಕ್ ಮಾತು ಹಳೆಯ ಕಾಲದ್ದು. ರಿಜಿಸ್ಟ್ರಿಯ ಮುಖ್ಯ ಕಡತಗಳು ಸಿಸ್ಟಂ32 ಒಳಗಿನ ಕಾನ್ಫಿಗ್ ಫೋಲ್ಡರಿನಲ್ಲಿರುತ್ತವೆ: ಸಿಸ್ಟಂ, ಸಾಫ್ಟ್‌ವೇರ್, ಸ್ಯಾಮ್, ಸೆಕ್ಯುರಿಟಿ, ಡಿಫಾಲ್ಟ್. ಹಿಂದೆ ವಿಂಡೋಸ್ ಅವುಗಳ ಪ್ರತಿಯನ್ನು ತಾನಾಗಿಯೇ ರೆಜ್‌ಬ್ಯಾಕ್‌ನಲ್ಲಿ ಇಡುತ್ತಿತ್ತು. ವಿಂಡೋಸ್ 10ರ 1803 ಆವೃತ್ತಿಯಿಂದ ಡಿಸ್ಕ್ ಜಾಗ ಉಳಿಸಲೆಂದು ಮೈಕ್ರೋಸಾಫ್ಟ್ ಅದನ್ನು ನಿಲ್ಲಿಸಿತು. ಫೋಲ್ಡರ್ ತೆರೆದರೆ ಹೆಸರುಗಳು ಕಾಣುತ್ತವೆ, ಗಾತ್ರ ಸೊನ್ನೆ. ಆ ಸೊನ್ನೆ ಗಾತ್ರದ ಫೈಲನ್ನು ನಿಜವಾದ ಸಿಸ್ಟಂ ಕಡತದ ಮೇಲೆ ಕಾಪಿ ಮಾಡಿದರೆ ಆಮೇಲೆ ಉಳಿಯುವುದೇನು? ಯಾವ ವೀಡಿಯೊ ಆದರೂ ಮೊದಲು ಅದರ ತಾರೀಖು ನೋಡಿ.

ಜಿಪಿಎಡಿಟ್‌ನಲ್ಲಿ ಏನೂ ಇಲ್ಲ ಎಂದ ಮೇಲೆ ನಿಮ್ಮ ಡಿನೈ_ಆಲ್ ಹಳೆಯ ಕಂಪನಿಯವರು ಬಿಟ್ಟುಹೋದ ಪಳೆಯುಳಿಕೆ. ಅದರ ಮೇಲೆ ಡಬಲ್ ಕ್ಲಿಕ್ ಮಾಡಿ 1 ತೆಗೆದು 0 ಹಾಕಿ, ಓಕೆ ಒತ್ತಿ, ಯಂತ್ರ ರೀಸ್ಟಾರ್ಟ್ ಮಾಡಿ. ಅಳಿಸಬೇಡಿ, ಬದಲಿಸಿದರೆ ಸಾಕು. ಆ ಪೆಟ್ಟಿಗೆಯಲ್ಲಿ ಹೆಕ್ಸಾಡೆಸಿಮಲ್, ಡೆಸಿಮಲ್ ಎಂದು ಎರಡು ಗುಂಡಿಗಳಿರುತ್ತವೆ. ಸೊನ್ನೆಗೆ ಎರಡೂ ಒಂದೇ. ಮುಂದೆಂದಾದರೂ 10 ಎಂದು ಬರೆಯುವಾಗ ಮಾತ್ರ ನೋಡಿಕೊಳ್ಳಿ, ಹೆಕ್ಸಾದಲ್ಲಿ ಅದು ಹದಿನಾರು.

ಜೆಟ್ ವೇಗ

ಒಂದು ಸೊನ್ನೆ ಹಾಕಲು ಇಷ್ಟೆಲ್ಲ ಪುರಾಣವೇ ಸ್ವಾಮಿ?

ತುಂಗಾತೀರ

ಸೊನ್ನೆ ಹಾಕಲು ಹತ್ತು ಸೆಕೆಂಡು ಸಾಕು. ಎಲ್ಲಿ ಹಾಕಬೇಕು ಎಂದು ತಿಳಿಯಲು ಉಳಿದದ್ದು. ನಿಮ್ಮ ಮಾತು ಕೇಳಿದ್ದರೆ ಅವರ ಪಾಲಿಸೀಸ್ ಕೀ ಪೂರ್ತಿ ಹೋಗಿರುತ್ತಿತ್ತು.

ಡಿಟಿಪಿ ತಿಪಟೂರು

ತೆರೆಯಿತು! ಎರಡು ಬೇರೆ ಪೆನ್ ಡ್ರೈವ್ ಹಾಕಿ ನೋಡಿದೆ, ಎರಡೂ ಓದುತ್ತವೆ, ಬರೆಯುತ್ತವೆ. ಪೇಜ್‌ಮೇಕರ್ ಸಹ ಮೊದಲಿನಂತೆಯೇ ಇದೆ. ಇಬ್ಬರಿಗೂ ತುಂಬಾ ಧನ್ಯವಾದಗಳು.

ಕೊನೆಯದೊಂದು ಪ್ರಶ್ನೆ. ಅದೇ ಹುಡುಗ ರಿಜಿಸ್ಟ್ರಿ ಕ್ಲೀನರ್ ಒಂದನ್ನು ಹಾಕಿ ಎನ್ನುತ್ತಿದ್ದಾನೆ. ಅವನ ಲ್ಯಾಪ್‌ಟಾಪ್‌ನಲ್ಲಿ ನೂರಾರು ದೋಷ ತೋರಿಸಿ ಸರಿಮಾಡಿತಂತೆ, ವೇಗ ಹೆಚ್ಚಿತಂತೆ.

ತುಂಗಾತೀರ

ಬೇಡ. ರಿಜಿಸ್ಟ್ರಿಯಲ್ಲಿ ಲಕ್ಷಗಟ್ಟಲೆ ನಮೂದುಗಳಿರುತ್ತವೆ. ಅದರಲ್ಲಿ ನೂರಾರು ಹಳೆಯವು ತೆಗೆದರೆ ವೇಗದಲ್ಲಿ ಗೊತ್ತಾಗುವಂಥ ವ್ಯತ್ಯಾಸವೇನೂ ಆಗುವುದಿಲ್ಲ. ಅವುಗಳಲ್ಲಿ ಪೇಜ್‌ಮೇಕರಿಗೆ ಬೇಕಾದದ್ದು ಒಂದು ಹೋದರೂ ನಿಮಗೆ ಸಿಡಿ ಇಲ್ಲ. ಇಂಥ ಕ್ಲೀನರುಗಳನ್ನು ಬಳಸುವುದಕ್ಕೆ ತನ್ನ ಬೆಂಬಲವಿಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ವೇಗ ಬೇಕಿದ್ದರೆ, ಯಂತ್ರದಲ್ಲಿ ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಇದೆಯೇ ನೋಡಿ, ಇದ್ದರೆ ತಿರುಗುವ ಭಾಗವಿಲ್ಲದ, ವೇಗದ ಎಸ್‌ಎಸ್‌ಡಿ ಡಿಸ್ಕ್ ಹಾಕಿಸಿ. ಹಾಕಿಸುವವರಿಗೆ ಇಡೀ ಡಿಸ್ಕನ್ನು ಇದ್ದಂತೆಯೇ ಕ್ಲೋನ್ (ನಕಲು) ಮಾಡಿ ಎಂದು ಹೇಳಿ, ಹೊಸದಾಗಿ ವಿಂಡೋಸ್ ಹಾಕಲು ಬಿಡಬೇಡಿ. ಹಳೆಯ ಡಿಸ್ಕನ್ನು ಕೇಳಿ ವಾಪಸ್ ಪಡೆದು ಬೀರುವಿನಲ್ಲಿಡಿ, ನಿಮ್ಮ ಪೇಜ್‌ಮೇಕರಿಗೆ ಸದ್ಯಕ್ಕೆ ಅದೇ ಸಿಡಿ.