ಅಭ್ಯರ್ಥಿಯ ಮನೆಯ ವಿಷಯ ಮತದಾರರಿಗೆ ಎಷ್ಟು ಬೇಕು? ಚುನಾವಣಾ ವಕೀಲರೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿಗಳನ್ನು ನಡೆಸುವ ನಮ್ಮ ಗುಂಪಿನ ಸದಸ್ಯೆಯೊಬ್ಬರು ಇಂದು ಸಂಜೆ ಉತ್ತರಿಸಲು ಒಪ್ಪಿದ್ದಾರೆ. ಅಭ್ಯರ್ಥಿಯ ಕುಟುಂಬದ ಸ್ಥಿತಿಗತಿಯನ್ನು ಮತದಾರರು ಗಣನೆಗೆ ತೆಗೆದುಕೊಳ್ಳಬೇಕೇ ಎಂಬುದಷ್ಟೇ ವಿಷಯ. ನಿಮ್ಮ ಕ್ಷೇತ್ರದ ಅಭ್ಯರ್ಥಿಗಳ ಹೆಸರನ್ನು ಬರೆಯಬೇಡಿ.

ಅರಸೀಕೆರೆಯ ಸದಸ್ಯರು: ನಮಸ್ಕಾರ ಮೇಡಂ. ಪತ್ನಿಯ ವಿವರವನ್ನು ಮುಚ್ಚಿಟ್ಟರೆ ನಾಮಪತ್ರ ತಾನಾಗಿಯೇ ರದ್ದಾಗುತ್ತದೆ, ಯಾವ ಮತದಾರರಾದರೂ ಬಿಳಿ ಹಾಳೆಯಲ್ಲಿ ಬರೆದು ತಹಶೀಲ್ದಾರರಿಗೆ ಕೊಟ್ಟರೆ ಸಾಕು ಎಂಬ ಸಂದೇಶ ಮೂರು ಗುಂಪುಗಳಿಂದ ಬಂದಿದೆ. ಇದು ನಿಜವೇ?

ವಕೀಲರು: ನಮಸ್ಕಾರ. ನಿಜವಲ್ಲ. ನಾಮಪತ್ರದ ಜೊತೆ ಆಸ್ತಿ, ಪ್ರಕರಣಗಳ ವಿವರ ಬರೆದು ಕೊಡುವ ಪ್ರಮಾಣಪತ್ರದ ಕಾಲಂ ಖಾಲಿ ಇದ್ದರೆ ತುಂಬುವಂತೆ ಚುನಾವಣಾಧಿಕಾರಿ ಸೂಚಿಸಬೇಕು, ಆಮೇಲೂ ತುಂಬದಿದ್ದರೆ ನಾಮಪತ್ರವನ್ನು ತಿರಸ್ಕರಿಸಬಹುದು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ತುಂಬಿರುವುದು ಸುಳ್ಳು ಎಂದು ಯಾರೋ ಚೀಟಿ ಕೊಟ್ಟ ಮಾತ್ರಕ್ಕೆ ಏನೂ ರದ್ದಾಗುವುದಿಲ್ಲ. ಸುಳ್ಳು ಪ್ರಮಾಣಪತ್ರಕ್ಕೆ ಪ್ರಜಾಪ್ರತಿನಿಧಿ ಕಾಯ್ದೆಯ 125ಎ ಸೆಕ್ಷನ್ ಇದೆ. 6 ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಆಯ್ಕೆಯನ್ನೇ ಪ್ರಶ್ನಿಸುವುದಾದರೆ 45 ದಿನಗಳೊಳಗೆ ಹೈಕೋರ್ಟಿಗೆ ಬರಬೇಕು.

ಹಾವೇರಿ ಜಿಲ್ಲೆಯ ಸದಸ್ಯರು: ನಮ್ಮಲ್ಲಿ ಮತ್ತೆ ಸ್ಪರ್ಧಿಸುತ್ತಿರುವ ಶಾಸಕರ ಮಗ ಪ್ರಥಮ ದರ್ಜೆ ಗುತ್ತಿಗೆದಾರರು. ತಾಲ್ಲೂಕಿನ ರಸ್ತೆ, ಚರಂಡಿ, ಕೆರೆ ಹೂಳೆತ್ತುವ ಕೆಲಸಗಳು ಅವರಿಗೇ ಸಿಗುತ್ತವೆ ಎಂದು ಜನ ಮಾತಾಡುತ್ತಾರೆ. ತಂದೆಯ ಪ್ರಮಾಣಪತ್ರದಲ್ಲಿ ಮಗನ ಸುಳಿವೇ ಇಲ್ಲ. ಮಗನ ವ್ಯವಹಾರಕ್ಕೆ ತಂದೆ ಏಕೆ ಹೊಣೆ ಎಂದು ನಮ್ಮ ಅಣ್ಣ ಕೇಳುತ್ತಾರೆ, ನನಗೆ ಉತ್ತರ ಹೊಳೆಯುತ್ತಿಲ್ಲ.

ವಕೀಲರು: ಈ ಪ್ರಶ್ನೆ ನನ್ನನ್ನೂ ಬಹಳ ವರ್ಷಗಳಿಂದ ಕಾಡಿದೆ, ಆದ್ದರಿಂದ ದೀರ್ಘವಾಗಿ ಬರೆಯುತ್ತೇನೆ. ಅಭ್ಯರ್ಥಿಯ ಆಸ್ತಿಯ ಜೊತೆಗೆ ಪತಿ ಅಥವಾ ಪತ್ನಿಯ ಮತ್ತು ಅವಲಂಬಿತರ ಆಸ್ತಿಯನ್ನೂ ತಿಳಿಯುವ ಹಕ್ಕು ಮತದಾರರಿಗಿದೆ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು. ಅದನ್ನು ಮೊಟಕುಗೊಳಿಸಲು ಪ್ರಜಾಪ್ರತಿನಿಧಿ ಕಾಯ್ದೆಗೆ ತಂದ 33ಬಿ ಸೆಕ್ಷನ್ನನ್ನು 2003ರಲ್ಲಿ ರದ್ದುಪಡಿಸಿತು. ಆಸ್ತಿಯನ್ನು ಹೇಳಿದರೆ ಸಾಲದು, ಆದಾಯದ ಮೂಲವನ್ನೂ ಹೇಳಬೇಕು ಎಂದು 2018ರಲ್ಲಿ ಸೇರಿಸಿತು. ಅಧಿಕಾರದ ಹಣ ಮನೆಯವರ ಹೆಸರಿನಲ್ಲಿ ಕೂತಿದೆಯೇ ಎಂದು ನೋಡುವುದಕ್ಕಾಗಿಯೇ ನ್ಯಾಯಾಲಯ ಅಭ್ಯರ್ಥಿಯ ಮನೆಯ ಬಾಗಿಲನ್ನು ಇಷ್ಟು ತೆರೆಸಿದೆ.

ಈಗಿನ ಪ್ರಮಾಣಪತ್ರದ ನಮೂನೆಯಾದ ನಮೂನೆ 26ರಲ್ಲಿ ಅಭ್ಯರ್ಥಿ, ಪತಿ ಅಥವಾ ಪತ್ನಿ, ಅವಲಂಬಿತರು ಮತ್ತು ಇವರು ಪಾಲುದಾರರಾಗಿರುವ ಸಂಸ್ಥೆಗಳು ಸರ್ಕಾರದೊಂದಿಗೆ ಮಾಡಿಕೊಂಡ ಗುತ್ತಿಗೆಗಳನ್ನೂ ಬರೆಯಬೇಕು. ಆದರೆ ಅವಲಂಬಿತರೆಂದರೆ ಸ್ವಂತ ಆದಾಯವಿಲ್ಲದೆ ಜೀವನೋಪಾಯಕ್ಕೆ ಅಭ್ಯರ್ಥಿಯನ್ನೇ ನೆಚ್ಚಿಕೊಂಡಿರುವ ಬಂಧುಗಳು. ಹೀಗಾಗಿ ಕಾಲೇಜಿನಲ್ಲಿ ಓದುತ್ತಿರುವ ಮಗಳ ಖಾತೆಯಲ್ಲಿರುವ ಸಾವಿರ ರೂಪಾಯಿ ನಮೂನೆಯೊಳಗೆ ಬರುತ್ತದೆ, ದೊಡ್ಡ ಕಾಮಗಾರಿಗಳನ್ನು ನಡೆಸುವ ಮಗ ಹೊರಗೇ ಉಳಿಯುತ್ತಾನೆ. ಸರ್ಕಾರಿ ಗುತ್ತಿಗೆ ಇದ್ದವರಿಗೆ ಅದೇ ಕಾಯ್ದೆಯ 9ಎ ಸೆಕ್ಷನ್ ವಿಧಿಸುವ ಅನರ್ಹತೆಯೂ ಅಭ್ಯರ್ಥಿ ಸ್ವತಃ ಮಾಡಿಕೊಂಡ ಗುತ್ತಿಗೆಗೆ ಮಾತ್ರ ಅನ್ವಯಿಸುತ್ತದೆ. ನಿಮ್ಮ ಶಾಸಕರು ಕಾನೂನಿನ ಪ್ರಕಾರ ಏನನ್ನೂ ಮುಚ್ಚಿಟ್ಟಿಲ್ಲದಿರಬಹುದು, ಆದರೆ ಕಾನೂನು ಕೇಳದಿರುವುದನ್ನು ಮತದಾರರು ಕೇಳಬಾರದೆಂದು ಎಲ್ಲಿಯೂ ಇಲ್ಲ. ಮಗ ಗುತ್ತಿಗೆದಾರನಾದದ್ದು ತಂದೆ ಗೆಲ್ಲುವ ಮೊದಲೇ, ನಂತರವೇ? ಟೆಂಡರಿನಲ್ಲಿ ಇನ್ನೂ ಎಷ್ಟು ಮಂದಿ ಇದ್ದರು? ಅಣ್ಣನವರಿಗೆ ಹೇಳಿ, ನೀವು ಲೆಕ್ಕ ಕೇಳುತ್ತಿರುವುದು ತಂದೆಯ ಅಧಿಕಾರಕ್ಕೆ.

ಪುತ್ತೂರಿನ ಸದಸ್ಯೆ: ಎಂಟು ವರ್ಷಗಳಿಂದ ಪತ್ನಿಯಿಂದ ದೂರವಿರುವ, ಇನ್ನೂ ವಿಚ್ಛೇದನವಾಗದ ಅಭ್ಯರ್ಥಿ ಆಕೆಯ ಆಸ್ತಿಯನ್ನು ಹೇಗೆ ಬರೆಯಬೇಕು?

ವಕೀಲರು: ವಿಚ್ಛೇದನವಾಗುವವರೆಗೆ ಆಕೆ ಪತ್ನಿಯೇ, ಹೆಸರನ್ನು ಬರೆಯಲೇಬೇಕು. ಆಸ್ತಿ ನಿಜವಾಗಿಯೂ ತಿಳಿಯದಿದ್ದರೆ ತಿಳಿದಿಲ್ಲವೆಂದು ಬರೆಯಬಹುದು. ನರೇಂದ್ರ ಮೋದಿಯವರು 2012ರಲ್ಲಿ ಪತ್ನಿಯ ಕಾಲಂ ಖಾಲಿ ಬಿಟ್ಟಿದ್ದರು; 2013ರ ತೀರ್ಪು ಬಂದ ಮೇಲೆ, 2014ರಲ್ಲಿ ವಡೋದರಾದಲ್ಲಿ ಜಶೋದಾಬೆನ್ ಅವರ ಹೆಸರನ್ನು ಬರೆದು, ಆಸ್ತಿಯ ಬಗ್ಗೆ ಮಾಹಿತಿ ಇಲ್ಲವೆಂದರು. ಏಕೆ ಬೇರೆಯಾದರೆಂದು ನಮೂನೆ ಕೇಳುವುದಿಲ್ಲ, ನಾವೂ ಕೇಳಬೇಕಾಗಿಲ್ಲ. ಪತ್ನಿ ಹೂಡಿದ ಕ್ರಿಮಿನಲ್ ಪ್ರಕರಣ ಬಾಕಿ ಇದ್ದರೆ ಮಾತ್ರ ಅದನ್ನು ಬರೆಯಬೇಕು, ಮತದಾರರು ಓದಬೇಕು.

ಹಿರಿಯೂರಿನ ಸದಸ್ಯರು: ಕ್ಷಮಿಸಿ, ನಾನು ಒಪ್ಪುವುದಿಲ್ಲ. ಮನೆ ಗೆದ್ದು ಮಾರು ಗೆಲ್ಲು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಗಂಡನೊಂದಿಗೆ ಬಾಳಲಾಗದವರು ಎರಡು ಲಕ್ಷ ಮತದಾರರನ್ನು ಹೇಗೆ ನಿಭಾಯಿಸುತ್ತಾರೆ?

ಧಾರವಾಡದ ನಿವೃತ್ತ ಉಪನ್ಯಾಸಕಿ: ಪತ್ನಿಯಿಂದ ದೂರವಿರುವ ಗಂಡಸಿನ ಬಗ್ಗೆ ಮೇಲೆ ಚರ್ಚೆ ನಡೆದಾಗ ಈ ಗಾದೆ ನಿಮಗೆ ನೆನಪಾಗಲಿಲ್ಲ. ಹೆಣ್ಣಿನ ಮಾತಿಗೆ ಮಾತ್ರ ಬಂತು.

ಹಿರಿಯೂರಿನ ಸದಸ್ಯರು: ಶಾಸಕರು ತೀರಿಕೊಂಡರೆ ಪತ್ನಿಗೇ ಟಿಕೆಟ್ ಕೊಡುವಾಗ ಕುಟುಂಬ ಬೇಕು, ಪ್ರಶ್ನೆ ಕೇಳುವಾಗ ಮಾತ್ರ ಬೇಡವೇ?

ಧಾರವಾಡದ ನಿವೃತ್ತ ಉಪನ್ಯಾಸಕಿ: ಟಿಕೆಟ್ ಕೊಡುವುದು ಪಕ್ಷ. ಮತದಾರರು 2019ರಲ್ಲಿ ಕುಂದಗೋಳದಲ್ಲಿ ದಿವಂಗತ ಶಾಸಕರ ಪತ್ನಿಯನ್ನು ಗೆಲ್ಲಿಸಿದರು, 2020ರಲ್ಲಿ ಶಿರಾದಲ್ಲಿ ಸೋಲಿಸಿದರು. ಜನರಿಗೆ ಅನುಕಂಪವೂ ತಿಳಿದಿದೆ, ಅಳೆಯುವುದೂ ತಿಳಿದಿದೆ. ನಿಮ್ಮ ಗಾದೆಯ ಅಗತ್ಯ ಅವರಿಗಿಲ್ಲ.

ಹಿರಿಯೂರಿನ ಸದಸ್ಯರು: ಪಾಠ ಮಾಡುವ ಅಭ್ಯಾಸ ನಿಮಗೆ ನಿವೃತ್ತಿಯ ನಂತರವೂ ಹೋಗಿಲ್ಲ. ಗಂಡನಿಂದ ದೂರವಿರುವ ನಮ್ಮ ಕಡೆಯ ಅಭ್ಯರ್ಥಿಯ ನಡತೆಯ ಬಗ್ಗೆ ನನಗೆ ಬಂದಿರುವ ಸಂದೇಶವನ್ನು ಇಲ್ಲಿ ಹಾಕುತ್ತೇನೆ, ಎಲ್ಲರೂ ಓದಲಿ.

ವಕೀಲರು: ಹಾಕಬೇಡಿ. ಸಾರ್ವಜನಿಕ ಕೆಲಸಕ್ಕೆ ಸಂಬಂಧಿಸದ ಖಾಸಗಿ ಬದುಕನ್ನು ಟೀಕಿಸಬಾರದೆಂದು ಮಾದರಿ ನೀತಿ ಸಂಹಿತೆಯೇ ಪಕ್ಷಗಳಿಗೂ ಅಭ್ಯರ್ಥಿಗಳಿಗೂ ಹೇಳಿದೆ. ಚುನಾವಣೆಯ ಫಲಿತಾಂಶವನ್ನು ಪ್ರಭಾವಿಸಲು ಅಭ್ಯರ್ಥಿಯ ವೈಯಕ್ತಿಕ ನಡತೆಯ ಬಗ್ಗೆ ಸುಳ್ಳನ್ನು ಪ್ರಕಟಿಸುವುದು ಭಾರತೀಯ ನ್ಯಾಯ ಸಂಹಿತೆಯ 175ನೇ ಸೆಕ್ಷನ್ ಅಡಿ ಅಪರಾಧ. ನನಗೆ ಬಂದದ್ದನ್ನು ಕಳುಹಿಸಿದೆ ಎಂಬ ಸಮಜಾಯಿಷಿಯನ್ನು ನ್ಯಾಯಾಲಯದಲ್ಲಿ ನೆಚ್ಚಿಕೊಳ್ಳಬೇಡಿ.

ಕೊಪ್ಪಳದ ಸದಸ್ಯರು: ಅಭ್ಯರ್ಥಿಯೊಬ್ಬರು ತಮ್ಮ ಅಂಗವಿಕಲ ಮಗುವಿನ ಚಿತ್ರವನ್ನು ಪ್ರಚಾರದಲ್ಲಿ ಬಳಸುತ್ತಿದ್ದಾರೆ. ಇದನ್ನು ಹೇಗೆ ನೋಡಬೇಕು?

ಮಂಡ್ಯದ ಸದಸ್ಯರು: ಅಭ್ಯರ್ಥಿಯೊಬ್ಬರು ಪತ್ನಿಯ ಹೆಸರಿನಲ್ಲಿರುವ ಹಳೆಯ ಸ್ಕೂಟರನ್ನು ಪ್ರಮಾಣಪತ್ರದಲ್ಲಿ ಬರೆದಿಲ್ಲ. ಆಯ್ಕೆ ರದ್ದಾಗುತ್ತದೆಯೇ?

ವಕೀಲರು: ಆ ಒಂದೇ ಕಾರಣಕ್ಕೆ ಆಗುವ ಸಂಭವ ಕಡಿಮೆ. ಅರುಣಾಚಲದ ತೇಜು ಕ್ಷೇತ್ರದ ಪ್ರಕರಣದಲ್ಲಿ, ಪತ್ನಿ ಮತ್ತು ಮಗನ ಹೆಸರಿನಲ್ಲಿ ನೋಂದಣಿ ಉಳಿದಿದ್ದ, ಆದರೆ ಆಗಲೇ ಕೈಬದಲಾಗಿದ್ದ ಮೂರು ವಾಹನಗಳನ್ನು ಬರೆಯಲಿಲ್ಲವೆಂದು ಹೈಕೋರ್ಟ್ ಆಯ್ಕೆಯನ್ನು ಅಸಿಂಧುಗೊಳಿಸಿತ್ತು. 2024ರಲ್ಲಿ ಸುಪ್ರೀಂ ಕೋರ್ಟ್ ಆ ಆಯ್ಕೆಯನ್ನು ಉಳಿಸಿ, ತನ್ನ ಅಭ್ಯರ್ಥಿತನಕ್ಕೆ ಸಂಬಂಧಪಡದ ವಿಷಯಗಳಲ್ಲಿ ಅಭ್ಯರ್ಥಿಗೂ ಖಾಸಗಿತನವಿದೆ ಎಂದಿತು. ಮಹಾರಾಷ್ಟ್ರದ ಅಂಬರ್‌ನಾಥ್ ಪ್ರಕರಣದಲ್ಲಿ ಪತ್ನಿಯ ಬಂಗಲೆಯನ್ನೂ ಪಾಲುದಾರಿಕೆಯ ಸಂಸ್ಥೆಯನ್ನೂ ಮುಚ್ಚಿಟ್ಟದ್ದಕ್ಕೆ ಆಯ್ಕೆಯೇ ಹೋಯಿತು. ಸ್ಕೂಟರಿಗೂ ಬಂಗಲೆಗೂ ಇರುವ ಅಂತರವನ್ನು ನೋಡಿ.

ತುಮಕೂರಿನ ಸದಸ್ಯರು: ಪತ್ನಿಯ ವಿವರ ಮುಚ್ಚಿಟ್ಟರೆ ನಾಮಪತ್ರ ರದ್ದಂತೆ, ಹೌದೇ ಮೇಡಂ?

ವಕೀಲರು: ಇಲ್ಲ. ಮೊದಲ ಉತ್ತರವನ್ನು ಓದಿ.

ಅರಸೀಕೆರೆಯ ಸದಸ್ಯರು: ಆದರೆ ಸಂದೇಶದಲ್ಲಿ ನಿವೃತ್ತ ನ್ಯಾಯಾಧೀಶರೊಬ್ಬರು ಹೇಳಿದ್ದಾರೆಂದು ಇದೆ.

ವಕೀಲರು: ಯಾವ ನ್ಯಾಯಾಧೀಶರು, ಯಾವ ತೀರ್ಪು ಎಂದು ಅದರಲ್ಲಿ ಇಲ್ಲ. ಮೂರನೆಯ ಬಾರಿ ಉತ್ತರಿಸುವುದಿಲ್ಲ.

ಹಾವೇರಿ ಜಿಲ್ಲೆಯ ಸದಸ್ಯರು: ಮೇಡಂ, ಪ್ರಮಾಣಪತ್ರವನ್ನು ಮತ್ತೊಮ್ಮೆ ಓದಿದೆ. ಮಗನ ಸಂಸ್ಥೆಯಲ್ಲಿ ತಾಯಿಯೂ ಪಾಲುದಾರರೆಂದು ಆಸ್ತಿಯ ಭಾಗದಲ್ಲಿದೆ, ಆದರೆ ಗುತ್ತಿಗೆಗಳ ಭಾಗದಲ್ಲಿ ಇಲ್ಲವೆಂದು ಬರೆದಿದ್ದಾರೆ.

ವಕೀಲರು: ಹಾಗಾದರೆ ವಿಷಯ ಬದಲಾಯಿತು. ಆ ಎರಡು ಪುಟಗಳ ದೃಢೀಕೃತ ಪ್ರತಿಯನ್ನು ಮೊದಲು ಪಡೆಯಿರಿ. ಆ ಸಂಸ್ಥೆಗೆ ಕೊಟ್ಟ ಕಾಮಗಾರಿಗಳ ಪಟ್ಟಿಯನ್ನೂ ಕಾರ್ಯಾದೇಶಗಳ ದಿನಾಂಕಗಳನ್ನೂ ಕೇಳಿ ಲೋಕೋಪಯೋಗಿ ಇಲಾಖೆಯ ಕಾರ್ಯಪಾಲಕ ಎಂಜಿನಿಯರ್ ಕಚೇರಿಗೆ ನಾಳೆಯೇ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಅದು ಬರುವವರೆಗೆ ಗುಂಪಿನಲ್ಲಿ ಏನನ್ನೂ ಬರೆಯಬೇಡಿ.