ಸೈಲೆನ್ಸರ್ ಬದಲಿಸಿದ ಮೇಲೆ ಪಿಕಪ್ ಹೋಯಿತು, ಮೈಲೇಜೂ ಬಿತ್ತು

ಘಾಟಿ ಸವಾರ:
ನಮಸ್ಕಾರ. ನನ್ನದು 2006ರ ಪೆಟ್ರೋಲ್ ಕಾರು, 1.1 ಲೀಟರ್, ನಾಲ್ಕು ಸಿಲಿಂಡರ್. ಹಳೇ ಸೈಲೆನ್ಸರ್ ತುಕ್ಕು ಹಿಡಿದು ತೂತಾಗಿತ್ತು. ಹೋದ ತಿಂಗಳು ಒಂದು ಗ್ಯಾರೇಜಿನಲ್ಲಿ ನೇರ ಕೊಳವೆಯ ಫ್ರೀ ಫ್ಲೋ ಸೈಲೆನ್ಸರ್ ಹಾಕಿಸಿದೆ. ಪೈಪೂ ಮೊದಲಿಗಿಂತ ದಪ್ಪ. ಅಂದಿನಿಂದ ಸಂಪಾಜೆಯಿಂದ ಮಡಿಕೇರಿಗೆ ಹತ್ತುವಾಗ ಎರಡನೇ ಗೇರಲ್ಲೇ ಏದುಸಿರು. ಲೀಟರಿಗೆ 15 ಕಿ.ಮೀ. ಕೊಡುತ್ತಿದ್ದದ್ದು 12ಕ್ಕೆ ಇಳಿದಿದೆ. "ಬ್ಯಾಕ್ ಪ್ರೆಶರ್ ಕಡಿಮೆಯಾಗಿದೆ, ಒಳಗೆ ಅಡ್ಡ ಒಂದು ತಗಡು ವೆಲ್ಡ್ ಮಾಡೋಣ" ಅನ್ನುತ್ತಿದ್ದಾರೆ ಗ್ಯಾರೇಜಿನವರು. ಬ್ಯಾಕ್ ಪ್ರೆಶರ್ ಅಂದರೆ ಹೊರಹೋಗುವ ಹೊಗೆಗೆ ಎದುರಾಗುವ ಒತ್ತಡವಂತೆ. ಮಾಡಿಸಲಾ?

ಕರಾವಳಿ ಡ್ರೈವರ್:
ಬ್ಯಾಕ್ ಪ್ರೆಶರ್ ಬೇಕೇ ಬೇಕು ಅಲ್ವಾ? ಹಾಕಿಸಿಬಿಡಿ.

ಹಳೇ ಸ್ಪ್ಯಾನರ್:
ದಯವಿಟ್ಟು ಬೇಡ. ಹೊಗೆಗೆ ಅಡ್ಡ ಕಟ್ಟಿದರೆ ಯಾವ ಎಂಜಿನ್ನಿಗೂ ಲಾಭವಿಲ್ಲ. ಅದನ್ನು ದೂಡಲು ಪಿಸ್ಟನ್ ತನ್ನ ಶಕ್ತಿಯನ್ನೇ ಸುರಿಯಬೇಕು. ಎಂಜಿನ್ನಿಗೆ ಬೇಕಿರುವುದು ಹೊಗೆಯ ವೇಗ. ಪೈಪು ಹದವಾಗಿದ್ದರೆ ಒಂದು ಸಲ ಹೊರಟ ಹೊಗೆ ತನ್ನ ಹಿಂದೆ ಒತ್ತಡ ತಗ್ಗಿಸಿ, ಸಿಲಿಂಡರಿನಲ್ಲಿ ಉಳಿದದ್ದನ್ನೂ ಎಳೆದುಕೊಂಡು ಹೋಗುತ್ತದೆ. ಪೈಪು ತೀರಾ ದಪ್ಪವಾದರೆ ಕಡಿಮೆ ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಧಾನವಾಗಿ ತಿರುಗುವಾಗ, ಆ ಎಳೆತ ಸೊರಗುತ್ತದೆ. ಜನ ಬ್ಯಾಕ್ ಪ್ರೆಶರ್ ಹೋಯಿತು ಅನ್ನುವುದು ಇದಕ್ಕೇ. ಆದರೆ ಈ ಆಟ ಹೆಚ್ಚಾಗಿ ನಡೆಯುವುದು ಎಲ್ಲ ಸಿಲಿಂಡರುಗಳ ಹೊಗೆ ಬಂದು ಸೇರುವ ಮ್ಯಾನಿಫೋಲ್ಡ್ ಹತ್ತಿರ. ಹಿಂದಿನ ಡಬ್ಬಿಯೊಂದರಿಂದಲೇ 3 ಕಿ.ಮೀ. ಮೈಲೇಜ್ ಬಿತ್ತು ಅಂದರೆ ನಾನು ನಂಬುವುದಿಲ್ಲ.

ನನ್ನ ಅನುಮಾನ ಲೀಕ್ ಮೇಲೆ. ಪೈಪು ಬಿಚ್ಚುವಾಗ ಮುಂದಿನ ಜಾಯಿಂಟ್ ಅಲುಗಿರಬಹುದು. ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರಿಗಿಂತ ಮುಂಚೆ ಸಂದು ಇದ್ದರೆ, ಹೊಗೆಯ ಎರಡು ಬಡಿತಗಳ ನಡುವೆ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಪೆಟ್ರೋಲ್ ಸಾಲದು ಅಂತ ಸೆನ್ಸರ್ ಹೇಳುತ್ತದೆ, ಎಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯು, ಸುಮ್ನೆ ಜಾಸ್ತಿ ಸುರಿಯುತ್ತದೆ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ. ಹಿಂದಿನ ಬಾಯಿಗೆ ಒಬ್ಬರು ಒಂದೆರಡು ಕ್ಷಣ ದಪ್ಪ ಬಟ್ಟೆ ಒತ್ತಲಿ, ನೀವು ಜಾಯಿಂಟ್‌ಗಳಿಗೆ ಸೋಪಿನ ನೀರು ಹಾಕಿ ನೋಡಿ, ಗುಳ್ಳೆ ಎದ್ದಲ್ಲಿ ಲೀಕ್. ಅಂಗಳದಲ್ಲೇ ಮಾಡಿ, ಮುಚ್ಚಿದ ಶೆಡ್ಡಿನಲ್ಲಿ ಖಂಡಿತ ಬೇಡ.

ಲೀಕ್ ಸಿಗದಿದ್ದರೆ ಸೆನ್ಸರ್ ಬಿಚ್ಚಿ ಆ ಜಾಗಕ್ಕೆ ಪ್ರೆಶರ್ ಗೇಜ್ ಹಾಕಿಸಿ. 2500 ಆರ್‌ಪಿಎಂನಲ್ಲಿ 3 ಪಿಎಸ್‌ಐ ದಾಟಿದರೆ ಎಲ್ಲೋ ಕಟ್ಟಿಕೊಂಡಿದೆ, ಹೆಚ್ಚಾಗಿ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್.

ಘಾಟಿ ಸವಾರ:
ಗುಳ್ಳೆ ಬಂತು! ಮ್ಯಾನಿಫೋಲ್ಡ್ ಕೆಳಗಿನ ಜಾಯಿಂಟಿನಲ್ಲಿ. ಜಾಯಿಂಟಿನ ಸಂದು ಮುಚ್ಚುವ, ಒಡೆದ ಹಳೇ ಗ್ಯಾಸ್ಕೆಟ್ಟನ್ನೇ ಮತ್ತೆ ಕೂರಿಸಿದ್ದರು. ಹೊಸದು ಹಾಕಿಸಿ ಎರಡು ಟ್ಯಾಂಕ್ ಓಡಿಸಿದೆ, 14.6 ಬಂತು. ಘಾಟಿಯಲ್ಲೂ ಬಹುಪಾಲು ಸರಿಹೋಗಿದೆ, 2000 ಆರ್‌ಪಿಎಂ ಕೆಳಗೆ ಮಾತ್ರ ಇನ್ನೂ ಸ್ವಲ್ಪ ಮಂಕು. ಜೊತೆಗೆ 2500ರ ಹತ್ತಿರ ಕಾರಿನೊಳಗೆ ಗುಂಯ್ ಅನ್ನುವ ಸದ್ದು. ಅಮ್ಮನಿಗೆ ತಲೆನೋವು ಬರುತ್ತದೆ.

ಹಳೇ ಸ್ಪ್ಯಾನರ್:
ತುಂಬಾ ಖುಷಿಯಾಯಿತು. 2500ರಲ್ಲಿ ನಿಮ್ಮ ಎಂಜಿನ್ ಸೆಕೆಂಡಿಗೆ ಸುಮಾರು 83 ಸಲ ಹೊಗೆ ಉಗುಳುತ್ತದೆ. ಅಂಥ ದಪ್ಪ ಸದ್ದನ್ನು ಫ್ರೀ ಫ್ಲೋ ಒಳಗಿನ ಗ್ಲಾಸ್ ವುಲ್ (ಗಾಜಿನ ನಾರು) ಸರಿಯಾಗಿ ಹೀರುವುದಿಲ್ಲ. ಮೊದಲಿದ್ದ ಬಗೆಯ ಸೈಲೆನ್ಸರಿನಲ್ಲಿ ಕೋಣೆಗಳಿರುತ್ತವೆ. ಅಲ್ಲಿ ಗೋಡೆಗೆ ಬಡಿದು ವಾಪಸ್ ಬಂದ ಸದ್ದಿನ ಅಲೆ, ಎದುರು ಬರುವ ಅಲೆಯನ್ನು ಅಳಿಸುತ್ತದೆ. ಹೊಗೆ ಸುತ್ತಿ ಬಳಸಿ ಹೋಗಬೇಕು ನಿಜ, ಆದರೆ ಈ ಅಳತೆಯ ಎಂಜಿನ್ನಿಗೆ ಅದೇನೂ ಭಾರವಲ್ಲ. ಅದನ್ನೇ ಹಾಕಿಸಿ, ಪೈಪೂ ಹಳೇ ಅಳತೆಯದೇ ಇರಲಿ. ಹೊಸ ಗ್ಯಾಸ್ಕೆಟ್ ನೀವೇ ಕೊಂಡು, ಕೈಯಲ್ಲಿ ಹಿಡಿದುಕೊಂಡು ಹೋಗಿ.