ಸ್ಲೀಪ್‌ಓವರ್ ಮನೇಲಿ ಗನ್ ಇದೆ, ಹೇಗೆ ಕೇಳೋದು?

ಫ್ರಿಸ್ಕೊ, ಟೆಕ್ಸಾಸ್:
ಎಲ್ಲರಿಗೂ ನಮಸ್ಕಾರ. ಮಗನಿಗೆ 7 ವರ್ಷ. ಶನಿವಾರ ಕ್ಲಾಸ್‌ಮೇಟ್ ಮನೇಲಿ ಸ್ಲೀಪ್‌ಓವರ್, ರಾತ್ರಿ ಅಲ್ಲೇ ಉಳೀತಾನೆ. ಅಲ್ಲಿ ಗನ್ ಇದೆ ಅಂತ ಗೊತ್ತು, ಹೇಗಿಟ್ಟಿದ್ದಾರೆ ಅಂತ ಗೊತ್ತಿಲ್ಲ. ಅವರಿಗೆ ಬೇಜಾರಾಗದ ಹಾಗೆ ಏನೇನು ಕೇಳಬೇಕು?

ಹ್ಯೂಸ್ಟನ್:
ಶುಕ್ರವಾರದೊಳಗೆ ಮೆಸೇಜ್ ಹಾಕಿ. ನಟ್ಸ್ ಅಲರ್ಜಿ, ನಾಯಿ, ಸ್ವಿಮ್ಮಿಂಗ್ ಪೂಲ್ ವಿಚಾರ ಹೇಗೂ ಬರೀತೀರಿ, ಅದರ ಜೊತೆಗೇ ಇದೂ ಇರಲಿ. ಮೂರೇ ಪ್ರಶ್ನೆ: ಗನ್ ಖಾಲಿ ಮಾಡಿ ಲಾಕ್ ಮಾಡಿದ್ದೀರಾ, ಗುಂಡುಗಳು ಬೇರೆ ಕಡೆ ಲಾಕ್ ಆಗಿವೆಯಾ, ಕೀ ಅಥವಾ ಕೋಡ್ ಮಕ್ಕಳಿಗೆ ಗೊತ್ತಾ. ಕಾರಿನ ಗ್ಲವ್ ಬಾಕ್ಸ್, ಹ್ಯಾಂಡ್‌ಬ್ಯಾಗ್ ವಿಷಯವನ್ನೂ ಕೇಳಿ. "ವಾರ್ಡ್‌ರೋಬ್ ಮೇಲಿದೆ, ಕೈಗೆಟುಕಲ್ಲ" ಅಂದರೆ ಅದು ಲಾಕ್ ಅಲ್ಲ. ಆಗ ಆ ಹುಡುಗನನ್ನೇ ನಿಮ್ಮನೆಗೆ ಕರೀರಿ. ಗುಂಡು ತುಂಬಿದ ಗನ್ 17 ತುಂಬದ ಮಗುವಿನ ಕೈಗೆ ಸಿಗೋ ಹಾಗೆ ಬಿಡೋದು ಟೆಕ್ಸಾಸಿನಲ್ಲೂ ಅಪರಾಧ.

ಎಡಿಸನ್, ನ್ಯೂಜೆರ್ಸಿ:
ಕೇಳೋದೇನು ಬಂತು, ಕಳಿಸಲೇಬೇಡಿ! 2020ರಿಂದ ಈ ದೇಶದಲ್ಲಿ 1ರಿಂದ 19 ವರ್ಷದೊಳಗಿನವರ ಸಾವಿಗೆ ಮೊದಲನೇ ಕಾರಣವೇ ಗನ್. ಗನ್ ಕೊಳ್ಳೋರ ಹಿನ್ನೆಲೆ ತಪಾಸಣೆ ಇದೆಯಲ್ಲ ಅಂತೀರಾ? ಮೂರು ಕೆಲಸದ ದಿನದಲ್ಲಿ ಉತ್ತರ ಬರದಿದ್ದರೆ ಅಂಗಡಿಯವನು ಮಾರಬಹುದು. 2015ರಲ್ಲಿ ಚಾರ್ಲ್ಸ್‌ಟನ್ ಚರ್ಚಿನಲ್ಲಿ 9 ಜನರನ್ನು ಕೊಂದವನಿಗೆ ಗನ್ ಸಿಕ್ಕಿದ್ದು ಹೀಗೇ. ಖಾಸಗಿ ಮಾರಾಟಕ್ಕಂತೂ ಫೆಡರಲ್ ಕಾನೂನಿನಲ್ಲಿ ತಪಾಸಣೆಯೇ ಕಡ್ಡಾಯವಲ್ಲ.

ಫೀನಿಕ್ಸ್:
ಮನೇಲಿ ಆತ್ಮರಕ್ಷಣೆಗೆ ಗನ್ ಇಟ್ಟುಕೊಳ್ಳೋದು ವ್ಯಕ್ತಿಯ ಹಕ್ಕು ಅಂತ ಅಮೆರಿಕದ ಸುಪ್ರೀಂ ಕೋರ್ಟಿನ 2008ರ ಹೆಲ್ಲರ್ ತೀರ್ಪು ಹೇಳಿದೆ. ನಮ್ಮ ಕೊಡಗನ್ನೇ ನೋಡಿ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ 2029ರವರೆಗೆ ಗನ್ ಲೈಸೆನ್ಸ್ ವಿನಾಯಿತಿ ಇದೆ. ಕೈಲ್‌ಪೋದ್ ಅನ್ನೋ ಆಯುಧದ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡ್ತಾರೆ. ಗನ್ ಇದ್ದ ಮನೆಯೆಲ್ಲ ಕೆಟ್ಟ ಮನೆಯಲ್ಲ.

ಎಡಿಸನ್, ನ್ಯೂಜೆರ್ಸಿ:
ಕೊಡಗಿನ ಕೋವಿಗೂ ಇಲ್ಲಿನ ಎಆರ್-15 ರೈಫಲ್‌ಗೂ ಏನು ಸಂಬಂಧ ಸಾರ್? ಹಕ್ಕಿಗೂ ಮಿತಿ ಇದೆ. ಕೌಟುಂಬಿಕ ಹಿಂಸೆಯ ತಡೆಯಾಜ್ಞೆ ಇರೋರಿಗೆ ಗನ್ ಇಲ್ಲ ಅನ್ನೋ ಕಾನೂನನ್ನು 2024ರಲ್ಲಿ ಸುಪ್ರೀಂ ಕೋರ್ಟೇ 8-1ರಿಂದ ಎತ್ತಿಹಿಡಿಯಿತು.

ಸಿಯಾಟಲ್:
ವಾದ ಆಮೇಲೆ. ಈ ಗುಂಪಿನ ತುಂಬ ಜನ ಎಚ್-1ಬಿ (ಕೆಲಸದ ವೀಸಾ), ಎಫ್-1 (ವಿದ್ಯಾರ್ಥಿ ವೀಸಾ). ಇಂಥ ನಾನ್-ಇಮಿಗ್ರಂಟ್ (ತಾತ್ಕಾಲಿಕ) ವೀಸಾದವರು ಗನ್ ಕೊಳ್ಳೋದಷ್ಟೇ ಅಲ್ಲ, ಹತ್ತಿರ ಇಟ್ಟುಕೊಳ್ಳೋದೂ ಫೆಡರಲ್ ಅಪರಾಧ. ಚಾಲ್ತಿಯಲ್ಲಿರೋ ಬೇಟೆ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿ ಇವೆ. ಶೂಟಿಂಗ್ ರೇಂಜಿಗೆ ಸ್ನೇಹಿತರ ಜೊತೆ ಹೋಗಿ ಕೈಲಿ ಹಿಡಿದರೂ ಕಷ್ಟಕ್ಕೆ ಸಿಕ್ಕಿಕೊಳ್ಳಬಹುದು. ಗನ್ ಕೊಳ್ಳುವಾಗ ಅಂಗಡಿಯಲ್ಲಿ ಕೊಡೋ 4473 ಫಾರಂನಲ್ಲಿ ಸುಳ್ಳು ಬರೆದರೆ ಅದು ಇನ್ನೊಂದು ಕೇಸ್. ಗ್ರೀನ್ ಕಾರ್ಡ್‌ನವರಿಗೆ ಈ ನಿಷೇಧ ಇಲ್ಲ.

ಫೀನಿಕ್ಸ್:
ಮಿತಿ ಬೇಡ ಅಂತ ಯಾರು ಹೇಳಿದ್ದು? ಕಾನೂನು ಪಾಲಿಸೋರನ್ನ ಯಾಕೆ ಬೈತೀರಿ ಅಂತಷ್ಟೇ ಕೇಳಿದ್ದು.

ನೋವೈ, ಮಿಷಿಗನ್:
ಫೀನಿಕ್ಸಿನವರಿಗೆ ಒಂದು ಮಾತು. ಇಲ್ಲಿ 2024ರ ಫೆಬ್ರವರಿಯಿಂದ ಮಕ್ಕಳಿರೋ ಮನೇಲಿ ಲಾಕ್ ಕಡ್ಡಾಯ. ಅದಕ್ಕೆ ಕೇಬಲ್ ಲಾಕ್ ಸಾಕು, ಎಷ್ಟೋ ಪೊಲೀಸ್ ಠಾಣೆಗಳಲ್ಲಿ ಉಚಿತವಾಗಿ ಕೊಡ್ತಾರೆ. ಪಿಸ್ತೂಲಾದರೆ ಮೊದಲು ಮ್ಯಾಗಜೀನ್ (ಗುಂಡು ತುಂಬೋ ಡಬ್ಬಿ) ತೆಗೀರಿ, ಆಮೇಲೆ ಸ್ಲೈಡ್ (ಮೇಲೆ ಜಾರೋ ಭಾಗ) ಹಿಂದಕ್ಕೆಳೆದು ನಿಲ್ಲಿಸಿ, ಗುಂಡು ಕೂರೋ ಚೇಂಬರಿನೊಳಗೆ ಕಣ್ಣಲ್ಲೂ ಬೆರಳಲ್ಲೂ ನೋಡಿ. ಕೇಬಲ್ ಮೇಲಿನ ಕಿಂಡಿಯಿಂದ ಒಳಗೆ ಹೋಗಿ ಮ್ಯಾಗಜೀನ್ ಜಾಗದಿಂದ ಹೊರಗೆ ಬರಬೇಕು. ಟ್ರಿಗರ್ ಸುತ್ತ ಮಾತ್ರ ಸುತ್ತಬೇಡಿ. ಮ್ಯಾಗಜೀನ್ ತೆಗೆದೆ, ಖಾಲಿಯಾಯ್ತು ಅಂದುಕೊಳ್ಳೋದೇ ದೊಡ್ಡ ತಪ್ಪು, ಚೇಂಬರಲ್ಲಿ ಒಂದು ಗುಂಡು ಉಳಿದಿರಬಹುದು. ಕೋಡ್ ಲಾಕ್ ಆದರೆ ಮಕ್ಕಳ ಹುಟ್ಟಿದ ದಿನ ಇಡಬೇಡಿ.

ಟೀನೇಜ್ ಮಕ್ಕಳಿರೋರು ಇದನ್ನ ಓದಲೇಬೇಕು. ಈ ದೇಶದ ಗನ್ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆ. ಮಗು ಮಂಕಾಗಿದ್ದರೆ ಲಾಕ್ ಸಾಲದು, ಗನ್ ಮನೆಯಿಂದಲೇ ಹೊರಗೆ ಹೋಗಬೇಕು. ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಯಾವ ಹೊತ್ತಲ್ಲಾದರೂ ಫೋನ್ ಮಾಡಬಹುದು.

ಫ್ರಿಸ್ಕೊ, ಟೆಕ್ಸಾಸ್:
ಹ್ಯೂಸ್ಟನ್‌ನವರೇ, ಆ ಮೂರು ಪ್ರಶ್ನೆ ಹಾಗೇ ಕಳಿಸ್ತೀನಿ. ಅವರ ಅಜ್ಜನೂ ಅಲ್ಲೇ ಇರ್ತಾರಂತೆ. ಅವರ ಗನ್ ಬಗ್ಗೆ ಬೇರೆ ಕೇಳಬೇಕಾ?